ಮಿಥ್ಯಾವಾರ್ತೆಯ ಸಂಚಾರ

ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಮೂವರು ವಿದ್ವಾಂಸರು, 2006ರಿಂದ 2017ರವರೆಗೆ ಟ್ವಿಟರಿನಲ್ಲಿ ಸುಮಾರು 30 ಲಕ್ಷ ಜನರು ಹರಡಿದ 1,26,000ದಷ್ಟು ವಾರ್ತೆಗಳ ಜಾಡನ್ನು ಹಿಡಿದು ಪರಿಶೀಲಿಸಿ, 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಫಲಿತಾಂಶವು, ಸತ್ಯವು ತನ್ನಷ್ಟಕ್ಕೆ ತಾನೇ ಜಯಿಸುವುದೆಂಬ ನಮ್ಮ ಚಿರಕಾಲದ ಭರವಸೆಯನ್ನು ಅಲುಗಿಸತಕ್ಕಂಥದು. 1500 ಮಂದಿಯನ್ನು ಮುಟ್ಟಲು ಸುಳ್ಳಿಗೆ ಹಿಡಿದ ಕಾಲದ ಆರರಷ್ಟು ಕಾಲ ನಿಜಕ್ಕೆ ಹಿಡಿಯಿತು. ಮನುಷ್ಯರ ಸೋಗಿನಲ್ಲಿ ಸಂದೇಶ ಹರಡುವ ‘ಬಾಟ್’ ಎಂಬ ಯಂತ್ರಲೇಖಕರ ಕೃತ್ಯವಿದಾಗಿರಬಹುದೆಂದು ಶಂಕಿಸಿ, ಅವುಗಳನ್ನು ಲೆಕ್ಕದಿಂದ ತೆಗೆದು ನೋಡಿದರೂ ಅಂತರವು ಅಳಿಯಲಿಲ್ಲ. ದಾಟಿಸಿದವನು ಮನುಷ್ಯನೇ, ಅವನನ್ನು ಪ್ರೇರಿಸಿದುದು, ಆ ವಿದ್ವಾಂಸರ ಅಭಿಪ್ರಾಯದಂತೆ, ಸುಳ್ಳಿನ ಹೊಸತನವೂ ಅದು ಹುಟ್ಟಿಸುವ ವಿಸ್ಮಯ ಜುಗುಪ್ಸೆಗಳೂ.

ಭಯವನ್ನೂ ಇವುಗಳೊಡನೆ ಎಣಿಸಬೇಕೆಂದು ನನಗೆ ತೋರುತ್ತದೆ. ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಪ್ರಚಾರಕ್ಕಾಗಿ, ಸದುದ್ದೇಶದಿಂದಲೇ ತೆಗೆದ ಕಿರುಚಿತ್ರವೊಂದರಲ್ಲಿ ಬೈಕಿನ ಮೇಲೆ ಬಂದವರು ಮಗುವನ್ನು ಎತ್ತಿಕೊಂಡು ಹೋಗಿ, ಕೂಡಲೇ ಹಿಂದಕ್ಕೆ ತಂದು ಬಿಟ್ಟು, ಎಚ್ಚರಿಕೆಯ ಫಲಕವೊಂದನ್ನು ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿಬಿಟ್ಟ ಮೇಲೆ ಉಳಿದ ತುಣುಕು, ಮಕ್ಕಳ ಕಳ್ಳರು ಊರಿಗೆ ಬಂದುದಕ್ಕೆ ಪ್ರತ್ಯಕ್ಷ ಪ್ರಮಾಣವೆಂಬಂತೆ ಭಾರತದ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡಿತು. ಇಂಥ ವದಂತಿಗಳು ಹಬ್ಬಿದ್ದ 2018ರ ಜುಲೈ ತಿಂಗಳಲ್ಲಿ, ಬೀದರ ಜಿಲ್ಲೆಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟ ಪ್ರವಾಸಿಗಳ ಮೇಲೆ ಸಂಶಯ ಹುಟ್ಟಿ, ಅವರಲ್ಲಿ ಹೈದರಾಬಾದಿನ ಯುವಕನೊಬ್ಬನು ಮುರ್ಕಿ ಗ್ರಾಮದಲ್ಲಿ ಗುಂಪಿನ ಹೊಡೆತಕ್ಕೆ ಸಿಕ್ಕಿ ಪ್ರಾಣ ಬಿಟ್ಟನು. ಕೈಯೆತ್ತಿದವರಲ್ಲಿ ಎಷ್ಟೋ ಮಂದಿ ತಮ್ಮ ಮಕ್ಕಳನ್ನು ಕಾಪಾಡುತ್ತಿದ್ದೇವೆಂದೇ ನಂಬಿದ್ದಿರಬೇಕು. ಈ ದುರಂತವನ್ನು ನೆನೆದಾಗಲೆಲ್ಲ ಮನಸ್ಸನ್ನು ಹೆಚ್ಚಾಗಿ ಕಲಕುವುದು ಅದೇ.

ಅದೇ ತಿಂಗಳು ವಾಟ್ಸಾಪ್ ಸಂಸ್ಥೆಯು, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡಬಹುದೆಂಬ ಮಿತಿಯನ್ನು ಸಾರಿತು. ಅನೇಕ ಕೈ ದಾಟಿ ಬಂದ ಸಂದೇಶಗಳಿಗೆ 2020ರಲ್ಲಿ ಆ ಮಿತಿಯು ಒಂದಕ್ಕೆ ಇಳಿಯಿತು.

ಆದರೆ ವೇಗವನ್ನು ತಡೆದಮಾತ್ರಕ್ಕೆ ನಂಬಿಕೆಯನ್ನು ತಿದ್ದಿದಂತಾಗದು. ಪದೇ ಪದೇ ಕೇಳಿದ ಮಾತು ನಿಜವೆಂದು ತೋರುವುದು ಚಿತ್ತದ ಸ್ವಭಾವವೆಂದು 1977ರ ಪ್ರಯೋಗವೊಂದು ಆಗಲೇ ತೋರಿಸಿತ್ತು. ಆದುದರಿಂದ ಸುಳ್ಳು ಬೇರೂರುವುದಕ್ಕೆ ಮೊದಲೇ ಮನಸ್ಸನ್ನು ಸಿದ್ಧಗೊಳಿಸಬೇಕೆಂಬ ವಾದವು ಬಲಗೊಂಡಿದೆ. ದುರ್ಬಲಗೊಳಿಸಿದ ರೋಗಾಣುವು ದೇಹಕ್ಕೆ ರಕ್ಷಣೆ ಕಲಿಸುವಂತೆ, ಬಲಗುಂದಿಸಿದ ಕುತರ್ಕವು ಬುದ್ಧಿಗೆ ಕಲಿಸಬಲ್ಲುದೆಂದು ಮನೋವಿಜ್ಞಾನಿ ವಿಲಿಯಂ ಮೆಕ್‌ಗೈರ್ 1960ರ ದಶಕದಲ್ಲಿ ಪ್ರತಿಪಾದಿಸಿದ್ದನು. ಕೇಂಬ್ರಿಜಿನ ಸ್ಯಾಂಡರ್ ವಾನ್ ಡರ್ ಲಿಂಡೆನ್ ಮತ್ತು ಸಂಗಡಿಗರು ಇದನ್ನೇ ಆಧರಿಸಿ, ಆಡುವವನು ತಾನೇ ಸುಳ್ಳುಸುದ್ದಿಯ ಕರ್ತೃವಾಗಿ ಅದರ ತಂತ್ರಗಳನ್ನು ಒಳಗಿನಿಂದ ಅರಿಯುವ ಆಟವೊಂದನ್ನು ರಚಿಸಿದರು. ಆಡಿದವರು ಕೃತ್ರಿಮವನ್ನು ಮೊದಲಿಗಿಂತ ಚೆನ್ನಾಗಿ ಗುರುತಿಸಿದರು. ಆದರೆ ಕಾಲ ಕಳೆದಂತೆ ಆ ಶಕ್ತಿಯು ಕುಂದುವುದೂ, ನಡುನಡುವೆ ಅಭ್ಯಾಸ ಮಾಡಿಸಿದರೆ ಅದು ತಿಂಗಳುಗಟ್ಟಲೆ ನಿಲ್ಲುವುದೂ ಅವರ ಮುಂದಿನ ಪ್ರಯೋಗಗಳಲ್ಲಿ ಕಂಡುಬಂದಿತು.