ಕಾಣದೆ ಹಾರುವ ಪೆಟ್ರೋಲು

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯೆದುರು ಬಿಸಿಲಿನಲ್ಲಿ ನಿಂತ ವ್ಯಾನನ್ನು ನೆನೆಯೋಣ. ಎಂಜಿನು ನಿಂತಿದ್ದರೂ ಟ್ಯಾಂಕಿನೊಳಗೆ ಪೆಟ್ರೋಲು ಆವಿಯಾಗುತ್ತಲೇ ಇರುತ್ತದೆ. ಅದು ಹೊರಬಿದ್ದರೆ ನಮಗೆ ಹಣದ ನಷ್ಟ ಮಾತ್ರವಲ್ಲ. ಅದರಲ್ಲಿರುವ ಬೆಂಜೀನ್ ಕ್ಯಾನ್ಸರನ್ನು ತರಬಲ್ಲದು, ಕಿಡಿ ತಗುಲಿದರೆ ಬೆಂಕಿಯ ಭಯವೂ ಉಂಟು.

ಇದನ್ನು ತಡೆಯುವ ಉಪಾಯ ಸರಳವಾದುದು. ಆವಿಯು ಕೊಳವೆಯ ಮೂಲಕ ಇದ್ದಿಲು ತುಂಬಿದ ಡಬ್ಬಿಯನ್ನು ಸೇರುತ್ತದೆ. ವಿಶೇಷವಾಗಿ ಸಂಸ್ಕರಿಸಿದ ಈ ಇದ್ದಿಲಿನ ಅಸಂಖ್ಯ ಸೂಕ್ಷ್ಮ ರಂಧ್ರಗಳು ಅದನ್ನು ಹಿಡಿದಿಡುತ್ತವೆ. ವಾಹನ ಓಡುವಾಗ ಕವಾಟವೊಂದು ತೆರೆಯುತ್ತದೆ. ಎಂಜಿನು ಹೊರಗಾಳಿಯನ್ನು ಇದ್ದಿಲಿನ ಮೂಲಕ ಸೆಳೆದು, ಅದರೊಡನೆ ಬಂದ ಆವಿಯನ್ನು ಉರಿಸಿಬಿಡುತ್ತದೆ. ಕ್ಯಾಲಿಫೋರ್ನಿಯದಲ್ಲಿ 1970ರ ಕಾರುಗಳಿಂದ ಕಡ್ಡಾಯವಾದ ಈ ಆವಿನಿಯಂತ್ರಣವು ಇಂದು ನಮ್ಮ ಪೆಟ್ರೋಲು ವಾಹನಗಳಲ್ಲಿಯೂ ಇದೆ.

ಕೆಲವು ವಾಹನಗಳು 1 ಮಿಲಿಮೀಟರಿನಷ್ಟು ರಂಧ್ರವನ್ನೂ ಪತ್ತೆಹಚ್ಚಿ ಎಚ್ಚರಿಕೆಯ ದೀಪವನ್ನು ಬೆಳಗಿಸುತ್ತವೆ. ಆಗ ಮೊದಲು ಟ್ಯಾಂಕಿನ ಮುಚ್ಚಳವನ್ನು ನೋಡೋಣ. ಅದರ ರಬ್ಬರ್ ಬಳೆಯನ್ನು ಒರೆಸಿ, ‘ಟಕ್’ ಎನ್ನುವವರೆಗೆ ತಿರುಗಿಸೋಣ. ಬಳೆ ಬಿರಿದಿದ್ದರೆ ಮುಚ್ಚಳವನ್ನೇ ಬದಲಿಸೋಣ. ಕೆಲವು ದಿನಗಳ ಓಡಾಟದ ಬಳಿಕ ದೀಪವು ತಾನೇ ಆರಬಹುದು. ಆರದಿದ್ದರೆ ಕೊಳವೆ, ಕವಾಟಗಳ ಪರೀಕ್ಷೆಯನ್ನು ಮೆಕ್ಯಾನಿಕನಿಗೆ ಬಿಡುವುದು ಲೇಸು. ಟ್ಯಾಂಕನ್ನು ಕಂಠಪೂರ್ತಿ ತುಂಬಿಸಬಾರದು: ಪೆಟ್ರೋಲು ಡಬ್ಬಿಗೆ ಹರಿದರೆ ಇದ್ದಿಲು ಕೆಡುತ್ತದೆ. ಸೋರಿಕೆಯನ್ನು ಹುಡುಕಲು ಕಡ್ಡಿ ಗೀರುವುದಂತೂ ಎಂದಿಗೂ ಸಲ್ಲದು.