ಹೇಳಿದ ಬೆಲೆಗೆ ಕೊಳ್ಳಲಿಲ್ಲವೆಂದು ಸಾಬೀತುಪಡಿಸುವುದು ಹೇಗೆ?

ಮುದ್ದೇನಹಳ್ಳಿಯಲ್ಲಿ ನನಗೆ ಪರಿಚಯವಿರುವ ನಿವೃತ್ತ ಮೇಷ್ಟ್ರೊಬ್ಬರು ಸಣ್ಣ ಕಂಪನಿಯೊಂದರ 1600 ಷೇರುಗಳನ್ನು ಮಾರಲು ಕುಳಿತರು. ಮೊಬೈಲ್ ಪರದೆಯಲ್ಲಿ ಕೊಳ್ಳುವವರ ಬೆಲೆ 82 ರೂಪಾಯಿ ಎಂದಿತ್ತು. ಅದೇ ಬೆಲೆಗೆ ಆರ್ಡರ್ ಕೊಟ್ಟರು. ಆರ್ಡರ್ ಹಾಗೇ ನಿಂತಿತು. ನೋಡಿದರೆ ಕೊಳ್ಳುವ ಬೆಲೆ 79ಕ್ಕೆ ಇಳಿದಿದೆ! ಹಣದ ಅಗತ್ಯವಿದ್ದುದರಿಂದ ಆ ಬೆಲೆಗೇ ಮಾರಿ 4800 ರೂಪಾಯಿ ಕಳೆದುಕೊಂಡರು. "ಹೇಳಿದ ಮಾತಿಗೆ ತಪ್ಪಿದ್ದಾರೆ ಸಾರ್, ಸಾಬೀತು ಮಾಡಬಹುದೇ?" ಎಂದು ಕೇಳಿದರು. ಭೌತಶಾಸ್ತ್ರದವನಿಗೆ ಇದೆಂಥ ಪ್ರಶ್ನೆ ಎಂದು ಮೊದಲು ಅನ್ನಿಸಿತು. ಆದರೆ ಇದು ಗಡಿಯಾರಗಳ ಪ್ರಶ್ನೆ.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕೂಗು ಹರಾಜು ನಡೆಯುತ್ತಿದ್ದಾಗ ರೀಲರ್ ಕೂಗಿದ ಬೆಲೆ ಸುತ್ತ ನಿಂತವರ ಕಿವಿಗೆಲ್ಲ ಬೀಳುತ್ತಿತ್ತು. ಸಾಕ್ಷಿಗೆ ಕೊರತೆಯಿರಲಿಲ್ಲ. ಷೇರುಪೇಟೆಯಲ್ಲಿ ಬೆಲೆ ಹೇಳುವವನೂ ಕೇಳುವವನೂ ನೂರಾರು ಕಿಲೋಮೀಟರ್ ದೂರದಲ್ಲಿರುತ್ತಾರೆ.

ಸಣ್ಣ ಕಂಪನಿಗಳ ಷೇರುಗಳಿಗೆ ಗಿರಾಕಿಗಳು ಕಡಿಮೆ. ಅದಕ್ಕಾಗಿ 2012ರಲ್ಲಿ ಮುಂಬಯಿಯ ಎರಡೂ ದೊಡ್ಡ ವಿನಿಮಯ ಕೇಂದ್ರಗಳಲ್ಲಿ ಆರಂಭವಾದ ವಿಭಾಗಗಳಲ್ಲಿ 'ಮಾರ್ಕೆಟ್ ಮೇಕರ್' ಇರುವುದು ಕಡ್ಡಾಯ. ಈತ ಕೊಳ್ಳುವ ಬೆಲೆ, ಮಾರುವ ಬೆಲೆ ಎರಡನ್ನೂ ವಹಿವಾಟಿನ ಸಮಯದ ಶೇ. 75ರಷ್ಟು ಕಾಲ ತೋರಿಸುತ್ತಿರಬೇಕು. ತೋರಿಸಿದ ಬೆಲೆ ಮತ್ತು ಪ್ರಮಾಣಕ್ಕೆ ವ್ಯವಹಾರ ಮಾಡಲೇಬೇಕು. ವಹಿವಾಟು ನಡೆಯುವುದು 375 ನಿಮಿಷ. ಅಂದರೆ ಸುಮಾರು 94 ನಿಮಿಷ ಆತ ಸುಮ್ಮನಿದ್ದರೂ ಶೇ. 75ರ ಲೆಕ್ಕಕ್ಕೆ ಕೊರತೆಯಾಗದು!

ಆರ್ಡರುಗಳನ್ನು ಜೋಡಿಸುವುದು ಕೇಂದ್ರದ ಕಂಪ್ಯೂಟರ್. ತನ್ನಲ್ಲಿರುವ ಬೆಲೆಯನ್ನು ಅದು ಮುಚ್ಚಿಡುವಂತಿಲ್ಲ. ಹಾಗಾದರೆ ಮೇಷ್ಟ್ರ ಆರ್ಡರ್ ಏಕೆ ನಿಂತಿತು? ಪರದೆಯ ಬೆಲೆ ಹಳೆಯದಾಗಿರಬಹುದು. ಬೇರೊಬ್ಬರು ಮೊದಲೇ ಮಾರಿರಬಹುದು. ಇಲ್ಲವೇ ಮಾರ್ಕೆಟ್ ಮೇಕರ್ ತನ್ನ ಬೆಲೆಯನ್ನು ಹಿಂತೆಗೆದಿರಬಹುದು. ಮೂರೂ ಮೊಬೈಲಿನಲ್ಲಿ ಒಂದೇ ರೀತಿ ಕಾಣುತ್ತವೆ. ತೊಡಕಿನ ಬೇರು ಇಲ್ಲೇ ಇದೆ.

ಇಲ್ಲಿಂದ ಮುಂಬಯಿ ನೇರ ರೇಖೆಯಲ್ಲಿ ಸುಮಾರು 800 ಕಿ.ಮೀ. ಗಾಜಿನ ತಂತುವಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಬೆಲೆ ಇಲ್ಲಿಗೆ ತಲುಪಲು ಕನಿಷ್ಠ 4 ಮಿಲಿಸೆಕೆಂಡ್, ಆರ್ಡರ್ ಅಲ್ಲಿಗೆ ಹೋಗಲು ಮತ್ತೆ 4 ಬೇಕು. ಬ್ರೋಕರನ ಯಂತ್ರ, ಮೊಬೈಲ್ ಗೋಪುರ, ಮೇಷ್ಟ್ರ ಹೆಬ್ಬೆರಳು ಇವುಗಳ ವಿಳಂಬ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ನಾವು ನೋಡುವ ಬೆಲೆ ನಕ್ಷತ್ರದ ಬೆಳಕಿನಂತೆ, ಯಾವಾಗಲೂ ಕಳೆದ ಕಾಲದ್ದು.

ಫೋನಿನಲ್ಲಿ ವ್ಯಾಪಾರ ನಡೆಯುತ್ತಿದ್ದಾಗ ಬೆಲೆಯಿಂದ ಜಾರಿಕೊಳ್ಳುವುದು ಇನ್ನೂ ಸುಲಭವಾಗಿತ್ತು. ಅಮೆರಿಕದಲ್ಲಿ ತೋರಿಸಿದ ಬೆಲೆಗೆ ಬದ್ಧರಾಗಿರಬೇಕೆಂಬ ನಿಯಮ 1978ರಿಂದಲೂ ಇತ್ತು. ಆದರೆ ಆರ್ಡರ್ ಬರುವ ಮೊದಲೇ ಬೆಲೆ ಬದಲಿಸಲು ಹೊರಟಿದ್ದವನಿಗೆ ವಿನಾಯಿತಿ. "ಆಗಲೇ ಬದಲಿಸುತ್ತಿದ್ದೆ" ಎಂದವನನ್ನು ಸುಳ್ಳನೆಂದು ತೋರಿಸುವುದು ಹೇಗೆ? ನಾಸ್ಡಾಕ್ ಮಾರುಕಟ್ಟೆಯ ಕೆಲವು ಮಾರ್ಕೆಟ್ ಮೇಕರುಗಳು ಹೀಗೆ ಮಾತು ತಪ್ಪಿದ್ದರೆಂದೂ ಅವರನ್ನು ಹದ್ದಿನಲ್ಲಿಡಬೇಕಾದ ಸಂಸ್ಥೆ ಸುಮ್ಮನಿತ್ತೆಂದೂ ಅಲ್ಲಿನ ನಿಯಂತ್ರಕರು 1996ರಲ್ಲಿ ವರದಿ ಮಾಡಿದರು. ಆ ತನಿಖೆಗೆ ನೆರವಾದವುಗಳಲ್ಲಿ ವ್ಯಾಪಾರಿಗಳ ಫೋನ್ ಮಾತುಕತೆಯ ಧ್ವನಿಮುದ್ರಣಗಳೂ ಸೇರಿದ್ದವು.

ಈಗ ಧ್ವನಿಯ ಬದಲು ಸಮಯದ ಮುದ್ರೆಗಳಿವೆ. ಯಾವುದು ಮೊದಲು, ಯಾವುದು ನಂತರ ಎಂದು ಹೇಳಬೇಕಾದರೆ ಗಡಿಯಾರಗಳು ಒಂದಕ್ಕೊಂದು ಹೊಂದಬೇಕಲ್ಲವೇ? ಅಮೆರಿಕದ ಬ್ರೋಕರುಗಳ ಕಂಪ್ಯೂಟರ್ ಗಡಿಯಾರಗಳು 50 ಮಿಲಿಸೆಕೆಂಡಿಗಿಂತ ಹೆಚ್ಚು ತಪ್ಪಬಾರದೆಂದು 2017ರಲ್ಲಿ ನಿಯಮವಾಯಿತು. ಒಂದು ಗಡಿಯಾರ 50 ಮುಂದೆ, ಇನ್ನೊಂದು 50 ಹಿಂದೆ ಎಂದಿಟ್ಟುಕೊಳ್ಳಿ. ಆ 100 ಮಿಲಿಸೆಕೆಂಡಿನೊಳಗೆ ನಡೆದ ಎರಡು ಘಟನೆಗಳ ಕ್ರಮವನ್ನು ಯಾವ ನ್ಯಾಯಾಧೀಶರೂ ನಿರ್ಣಯಿಸಲಾರರು. ಅಷ್ಟು ಹೊತ್ತಿನಲ್ಲಿ ಬೆಳಕು ತಂತುವಿನಲ್ಲಿ 20,000 ಕಿ.ಮೀ. ಓಡಿರುತ್ತದೆ! ಯೂರೋಪಿನಲ್ಲಿ ಅತಿ ವೇಗದ ವ್ಯಾಪಾರಿಗಳಿಗೆ 2018ರಿಂದ ಇರುವ ಮಿತಿ 100 ಮೈಕ್ರೋಸೆಕೆಂಡ್.

ಕೇಂದ್ರದ ಒಂದೇ ಕಂಪ್ಯೂಟರಿನ ದಾಖಲೆಯನ್ನು ನೋಡಿದರೆ ಕ್ರಮ ಸ್ಪಷ್ಟವಾಗುತ್ತದೆ, ನಿಜ. ಆದ್ದರಿಂದ ಮೇಷ್ಟ್ರಿಗೆ ಆರ್ಡರ್ ಸಂಖ್ಯೆಯನ್ನು ನಮೂದಿಸಿ ವಿನಿಮಯ ಕೇಂದ್ರಕ್ಕೇ ದೂರು ಕೊಡಲು ಹೇಳಿದೆ. ತೆಗೆದಿಟ್ಟಿದ್ದ ಪರದೆಯ ಚಿತ್ರವನ್ನು ತೋರಿಸಿದರು. ಅದರಲ್ಲಿ 82 ರೂಪಾಯಿ ಸ್ಪಷ್ಟವಾಗಿತ್ತು. ಮೇಲೆ ಮೊಬೈಲಿನ ಗಡಿಯಾರ 11:42 ಎಂದಿತ್ತು. ಸೆಕೆಂಡುಗಳು ಇರಲಿಲ್ಲ.