ಬೆದೆ ತಪ್ಪಿದರೆ ಇಪ್ಪತ್ತೊಂದು ದಿನ

‘ಹಸು ನಿಲ್ತಿಲ್ಲ ಸಾರ್.’ ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಪಶು ಆಸ್ಪತ್ರೆಗಳಿಗೆ ಇದು ಹೊಸ ಮಾತಲ್ಲ. ಮೂರು ಸಲ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಹಾಕಿಸಿದರೂ ಗಬ್ಬ ಕಟ್ಟದ ಸೀಮೆಹಸು ಗೊಡ್ಡೆನಿಸಿಕೊಂಡು ಸಂತೆಯ ದಾರಿ ಹಿಡಿಯುತ್ತದೆ. ಅದಕ್ಕೆ ಮುಂಚೆ ಮನೆಯ ಗಡಿಯಾರವನ್ನೂ ಗೋದಲಿಯನ್ನೂ ಒಮ್ಮೆ ನೋಡಬೇಕು.

ಗಬ್ಬದ ಅವಧಿ ಸುಮಾರು 280 ದಿನ. ವರ್ಷಕ್ಕೊಂದು ಕರು ಬೇಕಾದರೆ ಈದ 85 ದಿನದೊಳಗೆ ಹಸು ಮತ್ತೆ ನಿಲ್ಲಬೇಕು. ಗರ್ಭಕೋಶ ಸುಧಾರಿಸಿಕೊಳ್ಳಲಿ ಎಂದು ಮೊದಲ ಒಂದೂವರೆ–ಎರಡು ತಿಂಗಳು ಬಿಟ್ಟರೆ ಉಳಿಯುವುದು ಒಂದೆರಡು ಬೆದೆ ಮಾತ್ರ. ಒಂದು ತಪ್ಪಿದರೆ ಇನ್ನೊಂದಕ್ಕೆ 21 ದಿನ ಕಾಯಬೇಕು. ಅಷ್ಟೂ ದಿನ ಮೇವಿನ ಖರ್ಚಂತೂ ನಿಲ್ಲದು.

ಬೆದೆ ಇರುವುದೇ 12ರಿಂದ 18 ಗಂಟೆ. ಅಂಡ ಹೊರಬೀಳುವುದು ಬೆದೆ ಇಳಿದ ಮೇಲೆ, ಬದುಕುವುದು ಕೆಲವೇ ಗಂಟೆ. ಅದಕ್ಕೇ ಬೆದೆ ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಇಂಜೆಕ್ಷನ್ ಎಂಬ ಸೂತ್ರ. ಇನ್ನೊಂದು ಹಸು ಮೇಲೇರಿದಾಗ ಕದಲದೆ ನಿಲ್ಲುವುದೇ ಖಚಿತ ಗುರುತು. ಒಂಟಿಯಾಗಿ ಕಟ್ಟಿದ ಹಸುವಿನ ಮೇಲೆ ಏರುವವರಾರು? ಕೂಗು, ಲೋಳೆ, ಹಾಲಿನ ಇಳಿತವನ್ನೇ ನಂಬಬೇಕು. ಬೇಸಿಗೆಯಲ್ಲಿ ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ತಳಿಯಲ್ಲಿ ಇವೂ ಮಂಕಾಗುತ್ತವೆ. ಎಷ್ಟೋ ಸಲ ಬೆದೆ ಕಾಣಿಸಿಕೊಳ್ಳುವುದು ರಾತ್ರಿ ಹೊತ್ತು. ಇದನ್ನೆಲ್ಲ ಮೊದಲು ಗಮನಿಸುವವಳು ಹಾಲು ಕರೆಯುವ ಹೆಂಗಸು. ಹೈನುಗಾರಿಕೆಯ ತರಬೇತಿಗೆ ಹೋಗಿ ಬರುವವನು ಮಾತ್ರ ಸಾಮಾನ್ಯವಾಗಿ ಅವಳ ಗಂಡ.

ಗೋದಲಿಯ ಕಥೆ ಬೇರೆ. ಈದ ಹೊಸತರಲ್ಲಿ ಹಾಲು ಏರುವಷ್ಟು ಬೇಗ ಹಸಿವು ಏರುವುದಿಲ್ಲ. ಹಸು ಮೈಯ ಕೊಬ್ಬನ್ನೇ ಕರಗಿಸಿ ಹಾಲು ಕೊಡುತ್ತದೆ, ಅಂಡಾಶಯ ಸುಮ್ಮನಾಗುತ್ತದೆ. ಬದುಕು ಮೊದಲು, ಹಾಲು ಆಮೇಲೆ, ಮುಂದಿನ ಕರು ಕಟ್ಟಕಡೆಗೆ: ದೇಹದ ಲೆಕ್ಕ ಅಷ್ಟೇ. ಬರೀ ರಾಗಿಹುಲ್ಲಿನಲ್ಲಿ ರಂಜಕ, ತಾಮ್ರ, ಸತುವು ಸಾಲದು. ಖನಿಜ ಮಿಶ್ರಣ ಬೇಕೇ ಬೇಕು. ಮೇವು ಸರಿಯಿದ್ದರೂ, ಈದ ಮೇಲೆ ಬೀಳದ ಮಾಸನ್ನು ಅವಸರದಲ್ಲಿ ಕೈಹಾಕಿ ಕೀಳಿಸಿದರೆ ಗರ್ಭಕೋಶಕ್ಕೆ ಸೋಂಕು ತಗಲಿ ತಿಂಗಳುಗಟ್ಟಲೆ ನಷ್ಟ.

ವೀರ್ಯದ ಕಡ್ಡಿಯದೂ ಪಾಲಿದೆ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇರಬೇಕಾದ್ದು, 37 ಡಿಗ್ರಿ ನೀರಿನಲ್ಲಿ ಅರ್ಧ ನಿಮಿಷ ಕರಗಬೇಕಾದ್ದು. ಅದನ್ನು ಜೇಬಿನಲ್ಲಿಟ್ಟು ಬಿಸಿಲಲ್ಲಿ ಬೈಕ್ ಓಡಿಸಿದರೆ ಹಸು ಏನು ಮಾಡೀತು?

ಹಸುವಿನಲ್ಲೇ ಕೊರತೆ ಇರುವುದೂ ಉಂಟು. ಕಡಸು ಕೊಳ್ಳುವಾಗ ಅವಳಿಯೇ ಎಂದು ಕೇಳಿ ನೋಡಿ. ಗಂಡುಕರುವಿನ ಜೊತೆ ಹುಟ್ಟಿದ ಹೆಣ್ಣುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹುಟ್ಟಾ ಬಂಜೆ. ಅಂಥದ್ದಕ್ಕೆ ಇಂಜೆಕ್ಷನ್ ಎಷ್ಟು ಹಾಕಿಸಿದರೂ ದಂಡವೇ.